ಏಳನೇ ಪೆಟ್ಟಿಗೆಯ ಹುಳು

ಜೂನ್ 4

ಪುಟ್ಟಿ,

ನೀನು ಅರ್ಜಿ ತುಂಬಿ ಕಳಿಸಿದ್ದು ದಂಡವಾಗಲಿಲ್ಲ. ಸೋಮವಾರದಿಂದ ನಿನ್ನ ಅಮ್ಮ ಕಲಾ ಸಂಗ್ರಹಾಲಯದ ದಾಖಲೆ ವಿಭಾಗದಲ್ಲಿ ಇಂಟರ್ನ್. ಐವತ್ತೆಂಟು ವರ್ಷದ ಇಂಟರ್ನ್! ಬಾಗಿಲಲ್ಲಿದ್ದ ಕಾವಲುಗಾರ, "ಮಗಳನ್ನ ಬಿಡೋಕೆ ಬಂದ್ರಾ ಅಮ್ಮಾ?" ಎಂದು ಕೇಳಿದ. "ಇಲ್ಲಪ್ಪ, ನಾನೇ ಸೇರ್ಕೊಳ್ಳೋಕೆ ಬಂದಿದೀನಿ" ಎಂದೆ. ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಳಗೆ ಬಿಟ್ಟ.

ನಮ್ಮ ಕೋಣೆ ನೆಲಮಾಳಿಗೆಯಲ್ಲಿದೆ. ಜನ ಚಿತ್ರ ನೋಡುತ್ತಾ ಓಡಾಡುವ ಹೆಜ್ಜೆ ಸದ್ದು ತಲೆಯ ಮೇಲೆ ಕೇಳುತ್ತಿರುತ್ತದೆ, ಆದರೆ ನಮ್ಮ ಪಾಲಿಗೆ ಬರೀ ಕಾಗದ. ಸತ್ತುಹೋದ ಚಿತ್ರಗಾರರ ಪತ್ರ, ರಸೀದಿ, ಕರಡು ಚಿತ್ರ, ಎಲ್ಲ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದು ಬಿದ್ದಿವೆ. ಕೋಣೆಯಲ್ಲಿ ಚಳಿಯೋ ಚಳಿ. ಕಾಗದಕ್ಕೆ ತಂಪು ಬೇಕಂತೆ, ಮನುಷ್ಯರು ಸ್ವೆಟರ್ ಹಾಕಿಕೊಳ್ಳಬೇಕಂತೆ. ಪೆನ್ನು ಒಳಗೆ ತರುವಂತಿಲ್ಲ, ಪೆನ್ಸಿಲ್ ಮಾತ್ರ. ಮುಖ್ಯಸ್ಥೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಬಾಯಿ ತೆರೆದರೆ "ಕೈ ತೊಳ್ಕೊಂಡ್ರಾ?" ಎನ್ನುತ್ತಾರೆ. ಕೈಗವಸು ಕೊಡಬಹುದಲ್ಲ ಎಂದು ಕೇಳಿದ್ದಕ್ಕೆ, ಗವಸು ಹಾಕಿದರೆ ಬೆರಳಿಗೆ ಕಾಗದದ ಅಂಚು ತಿಳಿಯುವುದಿಲ್ಲ, ಹರಿದುಬಿಡುತ್ತದೆ ಎಂದರು. ಅವರಿಗೆ ನಾನು ಕೈತೊಳಿ ಮೇಡಂ ಎಂದು ಹೆಸರಿಟ್ಟಿದ್ದೇನೆ. ನಿಮ್ಮಪ್ಪನಿಗೆ ಮಾತ್ರ ಹೇಳಿದ್ದೇನೆ, ಈಗ ನಿನಗೆ.

ಮೊದಲ ದಿನವೇ ನಿಯಮಗಳ ಪುಸ್ತಕ ಕೊಟ್ಟು, ಓದಿ ಸಹಿ ಹಾಕಿ ಎಂದರು. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವಳಿಗೆ ಕಾಗದ ಹಿಡಿಯುವುದನ್ನು ಹೇಳಿಕೊಡುವ ಪುಸ್ತಕ! ಸಹಿ ಹಾಕಿ ಕೊಟ್ಟೆ.

ಡಿಸೆಂಬರಿನಲ್ಲಿ ಇಲ್ಲಿ ಅರ್ಧ ದಿನದ ಕಾಯಂ ಕೆಲಸವೊಂದು ತೆರವಾಗುತ್ತದೆ. ಅದು ನನಗೇ ಎಂದು ಬರೆದಿಟ್ಟುಕೋ. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಎರಡು ವರ್ಷ ಕಿಟಕಿಯಿಂದ ಬೀದಿ ನೋಡಿದ್ದು ಸಾಕಾಗಿದೆ, ಪುಟ್ಟಿ. ನನಗೆ ಕೆಲಸ ಬೇಕು.

ಫೋನ್ ಮಾಡಬೇಡ. ನಿನ್ನ ಮಾತಿನ ಅರ್ಧವನ್ನು ನಿಮ್ಮ ಸುರಂಗ ಕೊರೆಯುವ ಯಂತ್ರವೇ ನುಂಗುತ್ತದೆ. ಕಾಗದ ಬರೆ.

ನಿನ್ನ ಅಮ್ಮ, ಹುದ್ದೆ: ಇಂಟರ್ನ್


ಜೂನ್ 19

ಅಮ್ಮಾ,

ನಿನ್ನ ಕಾಗದವನ್ನು ಇಲ್ಲಿ ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸುರಂಗದ ಕೆಲಸದವರು ನಿನಗೆ "ಇಂಟರ್ನಮ್ಮ" ಎಂದು ಹೆಸರಿಟ್ಟಿದ್ದಾರೆ. ನೀನು ಒಬ್ಬರಿಗೆ ಇಟ್ಟರೆ ನಿನಗೊಬ್ಬರು ಇಡುತ್ತಾರೆ, ಲೆಕ್ಕ ಚುಕ್ತಾ.

ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ಅಲ್ಲಿ ನಿನಗಿಂತ ಚಿಕ್ಕವರೇ ನಿನಗೆ ಹೇಳಿಕೊಡುವವರು. ಗೊತ್ತಿಲ್ಲದ್ದನ್ನು ಕೇಳು. "ನಂಗೊತ್ತು ಬಿಡಿ" ಎಂಬ ನಿನ್ನ ಮಾತನ್ನು ಆರು ತಿಂಗಳ ಮಟ್ಟಿಗೆ ಮನೆಯಲ್ಲೇ ಬಿಟ್ಟು ಹೋಗು. ನಾನು ಸೇರಿದ ಹೊಸದರಲ್ಲಿ ಕೇಳದೆ ಒಂದು ಗೋಡೆಗೆ ಗುರುತು ಹಾಕಿ, ಅದನ್ನು ಅಳಿಸಲು ಇಡೀ ದಿನ ಬೇಕಾಗಿತ್ತು.

ಸ್ವೆಟರ್ ಹಾಕಿಕೋ. ಅಪ್ಪ ಡಬ್ಬಿ ಕಟ್ಟಿಕೊಡುತ್ತಿದ್ದಾರೆ ಎಂದು ಕೇಳಿದೆ, ಫೋಟೋ ಇಲ್ಲದೆ ನಂಬುವುದಿಲ್ಲ.

ಸುರಂಗದೊಳಗಿಂದ, ನಿನ್ನ ಮಗಳು


ಜುಲೈ 2

ಪುಟ್ಟಿ,

ಕೇಳು, ಕೇಳು ಎಂದು ಬರೆದಿದ್ದೆಯಲ್ಲ. ಈಗ ನೀನು ಕೇಳು.

ಹಳೆಯ ಚಿತ್ರಗಾರರೊಬ್ಬರ ಮನೆಯವರು ಅವರ ಕಾಗದಗಳನ್ನು ಹತ್ತು ಪೆಟ್ಟಿಗೆಗಳಲ್ಲಿ ತಂದುಕೊಟ್ಟಿದ್ದಾರೆ. ಡಿಸೆಂಬರಿನಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನವಿದೆ. ಅವರ ಕೊನೆಗಾಲದ ಕಾಗದಗಳೆಲ್ಲ ಇರುವುದು ಏಳನೇ ಪೆಟ್ಟಿಗೆಯಲ್ಲಿ, ಅದನ್ನು ಮೇಡಂ ನನ್ನ ಕೈಗೇ ಕೊಟ್ಟರು. "ನಿಮ್ಮ ಅನುಭವ ನೋಡಿ ಕೊಡ್ತಿದೀನಿ" ಎಂದರು. ಧೂಳು ಒರೆಸಿ, ತುಕ್ಕು ಹಿಡಿದ ಪಿನ್ನು ತೆಗೆದು, ಪಟ್ಟಿ ಮಾಡಲು ಹೇಳಿ ನಾಲ್ಕು ದಿನ ರಜೆ ಹೋದರು.

ಪೆಟ್ಟಿಗೆ ತೆರೆದರೆ ನೂರ ನಲವತ್ತೆರಡು ಹಾಳೆ, ತಲೆಬುಡವಿಲ್ಲದೆ ಒಂದರ ಮೇಲೊಂದು. ಡಾಕ್ಟರ ಪತ್ರದ ಕೆಳಗೆ ಬಣ್ಣದಂಗಡಿಯ ರಸೀದಿ, ಅದರ ಕೆಳಗೆ ಬೆಕ್ಕಿನ ಚಿತ್ರ. ನೋಡಿ ಕೈ ತುರಿಸತೊಡಗಿತು. ಒಂದೇ ಮಧ್ಯಾಹ್ನ ಕೂತು ಎಲ್ಲವನ್ನೂ ವಿಂಗಡಿಸಿದೆ. ಪತ್ರಗಳು ತೇದಿಯ ಪ್ರಕಾರ, ರಸೀದಿಗಳು ಅಂಗಡಿಯ ಪ್ರಕಾರ, ಚಿತ್ರಗಳಿಗೆ ತೇದಿ ಇಲ್ಲದ್ದರಿಂದ ಅಳತೆಯ ಪ್ರಕಾರ. ಮೂರು ಕಟ್ಟು, ಮೂರು ಹತ್ತಿ ದಾರ. ಕೈಯ ಬಿರುಸು ಇನ್ನೂ ಹೋಗಿಲ್ಲ ಮಗಳೇ. ಮನೆಗೆ ಬಂದು ನಿಮ್ಮಪ್ಪನ ಮುಂದೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಮೇಡಂ ಬಂದು ನೋಡಿ ಬೆರಗಾಗುತ್ತಾರೆ.

ಡಬ್ಬಿಯ ಫೋಟೋ ಇಟ್ಟಿದ್ದೇನೆ. ಅಪ್ಪನ ಹೆಬ್ಬೆರಳೂ ಬಂದಿದೆ.

ಏಳನೇ ಪೆಟ್ಟಿಗೆಯ ಒಡತಿ


ಜುಲೈ 17

ಪುಟ್ಟಿ,

ನಾವಿಬ್ಬರೂ ಚೆನ್ನಾಗಿದ್ದೇವೆ. ಕೆಲಸ ಜಾಸ್ತಿ. ಸುರಂಗದಲ್ಲಿ ತಲೆಗೆ ಟೋಪಿ ಹಾಕಿಕೊಂಡೇ ಓಡಾಡು.

ಅಮ್ಮ


ಜುಲೈ 29

ಅಮ್ಮಾ,

ಮೂರು ಸಾಲು! ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಹಾಲಿನವನಿಗೆ ಇಡುವ ಚೀಟಿಯನ್ನೂ ನೀನು ಮೂರು ಸಾಲಿಗೆ ಮುಗಿಸಿದವಳಲ್ಲ.

ಏನಾಗಿದೆ? ಮೊಣಕಾಲಾ? ನೆಲಮಾಳಿಗೆಯ ಚಳಿ ನಿನಗೆ ಆಗುವುದಿಲ್ಲ ಎಂದು ನನಗೆ ಮೊದಲೇ ಅನ್ನಿಸಿತ್ತು. ಅಥವಾ ಆ ಮೇಡಂ ಏನಾದರೂ ಅಂದರಾ? ವಯಸ್ಸಿಗೆ ಮರ್ಯಾದೆ ಕೊಡದ ಕಡೆ ನೀನು ಯಾಕೆ ಇರಬೇಕು? ಬಿಟ್ಟುಬಿಡು ಅಮ್ಮಾ. ಇಷ್ಟು ವರ್ಷ ದುಡಿದಿದ್ದೀಯ, ಯಾರಿಗೂ ಏನೂ ಸಾಬೀತು ಮಾಡಬೇಕಾಗಿಲ್ಲ. ಇಲ್ಲಿಗೆ ಬಂದು ನನ್ನ ಜೊತೆ ಎರಡು ತಿಂಗಳು ಇರು. ಗುಡ್ಡ ಇದೆ, ಗಾಳಿ ಇದೆ. ನಿನಗೆ ಹೊತ್ತು ಹೋಗುತ್ತದೆ.

ಟಿಕೆಟ್ ತೆಗೆಸಲಾ? ಹೂಂ ಅನ್ನು ಸಾಕು.

ನಿನ್ನ ಮಗಳು


ಆಗಸ್ಟ್ 10

ಪುಟ್ಟಿ,

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು ನಿನ್ನ ಕಾಗದ. ಮೊಣಕಾಲು ಕಲ್ಲುಗುಂಡಿನಂತಿದೆ. ಮೇಡಂ ಒಂದು ಕೆಟ್ಟ ಮಾತು ಆಡಿದವರಲ್ಲ. ತಪ್ಪು ಮಾಡಿದ್ದು ನಾನು. ನಿನಗೆ ಹೇಳಲು ನಾಚಿಕೆಯಾಗಿ ಮೂರು ಸಾಲು ಗೀಚಿದೆ.

ಆ ಚಿತ್ರಗಾರರು ಬಂದ ಕಾಗದವನ್ನೂ ಬರೆದ ಚಿತ್ರವನ್ನೂ ದಿನದಿನ ಒಂದರ ಮೇಲೊಂದು ಇಡುತ್ತಾ ಹೋದವರು. ಕೆಳಗಿನದು ಹಳೆಯದು, ಮೇಲಿನದು ಹೊಸದು. ಚಿತ್ರಗಳಿಗೆ ತೇದಿ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಯಾವ ಚಿತ್ರ ಯಾವ ಎರಡು ಪತ್ರಗಳ ನಡುವೆ ಇತ್ತು ಎನ್ನುವುದೇ ಅದರ ತೇದಿ. ನಾನು ಎಲ್ಲವನ್ನೂ ಎತ್ತಿ, ಅಳತೆ ನೋಡಿ ಬೇರೆ ಕಟ್ಟಿಟ್ಟೆ. ನನಗೆ ತಲೆಬುಡವಿಲ್ಲದ್ದಾಗಿ ಕಂಡದ್ದಕ್ಕೆ ತಲೆಯೂ ಇತ್ತು, ಬುಡವೂ ಇತ್ತು.

ಮೇಡಂ ಬಂದು "ಮೇಲಿಂದ ಕೆಳಕ್ಕೆ ಇದ್ದ ಹಾಗೇ ಪಟ್ಟಿ ಮಾಡಿದ್ರಾ?" ಎಂದು ಕೇಳಿದಾಗಲೇ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. "ಮಾಡ್ತಾ ಇದೀನಿ" ಎಂದುಬಿಟ್ಟೆ. ಮನೆಗೆ ಹೋಗಿ ನಿಯಮಗಳ ಪುಸ್ತಕ ತೆರೆದೆ. ಎರಡನೇ ಪುಟದಲ್ಲೇ ಇದೆ, ದಪ್ಪ ಅಕ್ಷರದಲ್ಲಿ: ಪೆಟ್ಟಿಗೆಯಲ್ಲಿ ಸಿಕ್ಕ ಕ್ರಮವನ್ನು ಯಾರೂ ಬದಲಿಸಕೂಡದು. ಕೆಳಗೆ ನನ್ನ ಸಹಿ. ಹನ್ನೊಂದು ದಿನ ಪಟ್ಟಿ ಮಾಡುವವಳಂತೆ ನಟಿಸಿದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಇವತ್ತಲ್ಲ ನಾಳೆ ಗೊತ್ತಾಗುವುದೇ. ಆದರೆ ಗೊತ್ತಾಗದೆ ಹೋದರೆ ಆ ಚಿತ್ರಗಳ ತೇದಿ ಎಂದೆಂದಿಗೂ ಕಳೆದೇಹೋಗುತ್ತದಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಯಿತು. ಹೋಗಿ ಹೇಳಿದೆ.

ಅವರು ಬೈಯಲಿಲ್ಲ, ಮುಖ ಬಿಳಿಚಿಕೊಂಡಿತು. ನನ್ನ ಅರ್ಜಿ ತೆಗೆದು ಓದಿದರು: "ದಾಖಲೆಗಳ ಜೋಡಣೆಯಲ್ಲಿ ಮೂವತ್ತೊಂದು ವರ್ಷಗಳ ತಜ್ಞ ಅನುಭವ." ಆಮೇಲೆ, "ಇದನ್ನ ನಂಬಿ ನಿಮ್ಮನ್ನ ಒಬ್ಬರನ್ನೇ ಬಿಟ್ಟೆ" ಎಂದರು. ಪುಟ್ಟಿ, ನಾನು ದಾಖಲೆ ಜೋಡಿಸಿದವಳಲ್ಲ, ಪತ್ರ ವಿಂಗಡಿಸಿದವಳು. ಇದನ್ನು ಬರೆದದ್ದು ಯಾರು?

ಬರುವುದಿಲ್ಲ, ಟಿಕೆಟ್ ಬೇಡ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಉಂಡೇ ಏಳುತ್ತೇನೆ.

ಅಮ್ಮ


ಆಗಸ್ಟ್ 22

ಅಮ್ಮಾ,

ನಾನೇ ಬರೆದದ್ದು. "ಅಂಚೆ ವಿಂಗಡಣೆ ಗುಮಾಸ್ತೆ" ಎಂದರೆ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ ಎಂದು ಹೆದರಿ ಸ್ವಲ್ಪ ಬಣ್ಣ ಹಚ್ಚಿದೆ. ನಿನಗೆ ತೋರಿಸಲಿಲ್ಲ, ತೋರಿಸಿದ್ದರೆ ನೀನು ಅಳಿಸಿಬಿಡುತ್ತಿದ್ದೆ. ಕಿಟಕಿಯ ಹತ್ತಿರ ನೀನು ಸುಮ್ಮನೆ ಕೂತಿರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ನಿನಗೆ ಬುದ್ಧಿ ಹೇಳಿದವಳು ನಾನು, ನಿನ್ನನ್ನು ಹಳ್ಳಕ್ಕೆ ನೂಕಿದವಳೂ ನಾನೇ. ಕ್ಷಮಿಸು.

ಮೇಡಂಗೆ ನಾನೇ ಬರೆದು ಹೇಳಲಾ, ತಪ್ಪು ನನ್ನದು ಎಂದು?

ನಿನ್ನ ಮಗಳು


ಸೆಪ್ಟೆಂಬರ್ 15

ಪುಟ್ಟಿ,

ನೀನು ಬರೆಯುವುದು ಬೇಡ, ನಾನೇ ಹೇಳಿದ್ದೇನೆ. ನೀನು ಹಚ್ಚಿದ್ದು ಬಣ್ಣ. ಪುಸ್ತಕ ಓದದೆ ಸಹಿ ಹಾಕಿದ್ದು ನಾನು. ನಿನ್ನ ಪಾಲಿನ ಮಂಗಳಾರತಿ ಬೇರೆ ಇದೆ, ಎದುರಿಗೆ ಸಿಕ್ಕಾಗ.

ಈಗ ಒಳ್ಳೆಯ ಸುದ್ದಿ. ಮೇಡಂ ನನ್ನನ್ನು ಓಡಿಸಲಿಲ್ಲ. "ಕೆಡಿಸಿದವರೇ ಸರಿ ಮಾಡೋಣ, ಬನ್ನಿ" ಎಂದು ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮುಂದೆ ಕೂರಿಸಿದರು. ಹಾಳೆಗಳನ್ನು ಅದರ ಮೇಲಿಟ್ಟರೆ ಸಣ್ಣ ಸಣ್ಣ ತೂತುಗಳು ಬೆಳಗುತ್ತವೆ. ಆ ಪೆಟ್ಟಿಗೆಯಲ್ಲಿ ಯಾವ ಕಾಲದಲ್ಲೋ ಹುಳು ಬಿದ್ದಿತ್ತು. ಹುಳು ಒಂದು ಹಾಳೆ ತಿಂದು ಮುಗಿಸಿ ಇನ್ನೊಂದಕ್ಕೆ ಹೋಗುವುದಿಲ್ಲ, ಮೇಲಿನಿಂದ ಕೆಳಕ್ಕೆ ಓರೆಯಾಗಿ ಕೊರೆಯುತ್ತಾ ಹೋಗುತ್ತದೆ. ಒಂದು ಹಾಳೆಯ ತೂತು ಮುಂದಿನ ಹಾಳೆಯಲ್ಲಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಆ ಸರಿದ ಜಾಡು ಹಿಡಿದು ಹೋದರೆ ಯಾವುದರ ಕೆಳಗೆ ಯಾವುದಿತ್ತು ಎಂದು ಗೊತ್ತಾಗುತ್ತದೆ. ಸುರಂಗದವಳಿಗೆ ನಾನೇನು ಹೇಳುವುದು?

ಮೇಡಂಗೆ ಈ ಉಪಾಯ ಗೊತ್ತಿತ್ತು. ಆದರೆ ಒಂದು ದಿನಕ್ಕೆ ನಾಲ್ಕು ಹಾಳೆ ಜೋಡಿಸಿದರೆ ಹೆಚ್ಚು ಎಂದಿದ್ದರು. ನಾನು ಒಂಬತ್ತು ಜೋಡಿಸಿದೆ. ಮೇಲೊಂದು ಕಣ್ಣು, ಕೆಳಗೊಂದು ಕಣ್ಣು, ಮೂವತ್ತೊಂದು ವರ್ಷ ಮಾಡಿದ್ದು ಅದನ್ನೇ ತಾನೇ. ಈಗ ಪ್ರತಿ ಹಾಳೆಗೂ ಕೇಳಿಯೇ ಕೈ ಹಾಕುತ್ತೇನೆ. ನೂರ ನಲವತ್ತೊಂದು ಹಾಳೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತಿವೆ. ಕೊನೆಯದು ಕೂತ ದಿನ ಮೇಡಂ ಕೈ ತೊಳೆಯುವುದನ್ನೂ ಮರೆತು ನನ್ನ ಕೈ ಹಿಡಿದುಕೊಂಡರು.

ಉಳಿದಿರುವುದು ಒಂದೇ. ಅಂಗೈಯಗಲದ ಕಾಗದ, ಅದರಲ್ಲಿ ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ನೇತುಹಾಕಿದ ಕೋಟು. ಚಿಕ್ಕದಾದ್ದರಿಂದ ಹುಳು ಅದರ ಪಕ್ಕದಲ್ಲೇ ಹಾದುಹೋಗಿದೆ, ತೂತೇ ಇಲ್ಲ. ಡಿಸೆಂಬರಿನ ಪ್ರದರ್ಶನ ನಡೆಸುವ ಸಾಹೇಬರೊಬ್ಬರಿದ್ದಾರೆ, ಅವರಿಗೆ ಬೇಕಾಗಿರುವುದು ಅದೇ. "ಇನ್ನು ಮುಂದೆ ನಿಮಗೆ ಕಣ್ಣು ಕಾಣುವುದಿಲ್ಲ" ಎಂದು ಚಿತ್ರಗಾರರಿಗೆ ಡಾಕ್ಟರು ಬರೆದ ಪತ್ರವೊಂದಿದೆ, ಉಳಿದ ಚಿತ್ರಗಳೆಲ್ಲ ಅದರ ಕೆಳಗೇ ಕೂತಿವೆ. ಕುರ್ಚಿ ಆ ಪತ್ರದ ಮೇಲಿದ್ದರೆ, ಕಣ್ಣು ಹೋದ ಮೇಲೆ ಬರೆದ ಕಟ್ಟಕಡೆಯ ಚಿತ್ರ ಅದು. ಕೆಳಗಿದ್ದರೆ ಹತ್ತರಲ್ಲಿ ಹನ್ನೊಂದು. ಸಾಹೇಬರು ಪ್ರದರ್ಶನಕ್ಕೆ ಆಗಲೇ "ಕೊನೆಯ ಚಿತ್ರ" ಎಂದು ಹೆಸರಿಟ್ಟಾಗಿದೆ.

"ಎತ್ತಿದ್ದು ನಿಮ್ಮ ಕೈ. ಪತ್ರದ ಮೇಲಿತ್ತಾ, ಕೆಳಗಿತ್ತಾ? ನೆನಪು ಮಾಡ್ಕೊಂಡು ಹೇಳಿ, ಬರ್ಕೋತೀವಿ" ಎಂದಿದ್ದಾರೆ. ಡಿಸೆಂಬರಿನ ಕೆಲಸಕ್ಕೆ ಆರಿಸುವ ಸಮಿತಿಯಲ್ಲಿ ಅವರೂ ಇದ್ದಾರೆ. ಅಕ್ಟೋಬರ್ ನಾಲ್ಕಕ್ಕೆ ಪ್ರದರ್ಶನದ ಸಭೆ, ಅಲ್ಲಿ ಹೇಳಬೇಕು. ಮೇಲಿತ್ತು ಎಂದೇ ನನಗೆ ಅನ್ನಿಸುತ್ತದೆ.

ಅಮ್ಮ


ಸೆಪ್ಟೆಂಬರ್ 24

ಅಮ್ಮಾ,

ಅನ್ನಿಸಿದರೆ ಹೇಳಿಬಿಡು! ನಾಲ್ಕನೇ ಕ್ಲಾಸಿನಲ್ಲಿ ನನ್ನ ರಬ್ಬರು ಯಾವ ಬೆಂಚಿನ ಕೆಳಗೆ ಬಿದ್ದಿತ್ತು ಎಂದು ಮನೆಯಲ್ಲಿ ಕೂತು ಹೇಳಿದವಳು ನೀನು. ನಿನ್ನ ನೆನಪನ್ನು ನಂಬಿಕೊಂಡೇ ನಾವು ಬೆಳೆದದ್ದು. ಸಾಹೇಬರಿಗೂ ಅದೇ ಬೇಕು, ನಿನಗೂ ಕೆಲಸ ಬೇಕು. ಯಾರಿಗೂ ನಷ್ಟವಿಲ್ಲ. ಪಾಪ, ಆ ಚಿತ್ರಗಾರರಿಗೂ ಒಳ್ಳೆಯ ಹೆಸರೇ ಬರುತ್ತದೆ.

ಅಪ್ಪನ ಇಸ್ತ್ರಿ ನೆಚ್ಚಬೇಡ, ಸಭೆಯ ದಿನ ನಿನ್ನ ಬಟ್ಟೆ ನೀನೇ ಇಸ್ತ್ರಿ ಮಾಡಿಕೋ.

ನಿನ್ನ ಮಗಳು


ಅಕ್ಟೋಬರ್ 6

ಪುಟ್ಟಿ,

ನಿನ್ನ ಕಾಗದ ಸಭೆಯ ಹಿಂದಿನ ದಿನ ಸಿಕ್ಕಿತು. ಓದಿ ಧೈರ್ಯ ಬಂತು. ಮೇಲಿತ್ತು ಎಂದೇ ಹೇಳುವುದು ಎಂದು ನಿರ್ಧಾರ ಮಾಡಿದೆ. ನಿಮ್ಮಪ್ಪ ತರಕಾರಿ ಹೆಚ್ಚುತ್ತಿದ್ದವರು, "ಯಾವಾಗಿಂದ ಹಾಗನ್ನಿಸ್ತಿದೆ ನಿಂಗೆ?" ಎಂದು ಕೇಳಿದರು. ಆ ಮನುಷ್ಯ ವರ್ಷಕ್ಕೊಂದು ಮಾತಾಡುವುದು, ಆಡಿದರೆ ಹೀಗೆ. ಯೋಚಿಸಿದೆ. ತಪ್ಪು ಒಪ್ಪಿಕೊಂಡ ದಿನ ಮೇಡಂ ಯಾವ ಹಾಳೆ ಎಲ್ಲಿತ್ತು ನೆನಪಿದೆಯಾ ಎಂದು ಕೇಳಿದ್ದರು, ಆಗ ನನಗೆ ಕುರ್ಚಿಯ ಬಗ್ಗೆ ಏನೂ ಅನ್ನಿಸಿರಲಿಲ್ಲ. ಸಾಹೇಬರು ತಮಗೇನು ಬೇಕು ಎಂದು ಹೇಳಿದ ಮೇಲಿನಿಂದಲೇ ಅನ್ನಿಸತೊಡಗಿದ್ದು. ದಿನಕ್ಕಿಷ್ಟು ಗಟ್ಟಿಯಾಗುತ್ತಾ ಬಂದು, ಆ ಹೊತ್ತಿಗೆ ಪತ್ರದ ಮೇಲೆ ಕುರ್ಚಿ ಕೂತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಾಗಿತ್ತು. ನನಗೆ ಬೆವರು ಬಂತು, ಪುಟ್ಟಿ. ಪೆಟ್ಟಿಗೆ ಕೆಡಿಸಿದಾಗಲೂ ಇಷ್ಟು ಹೆದರಿರಲಿಲ್ಲ. ಅದು ಕೈ ಮಾಡಿದ ತಪ್ಪು. ಇದು ನನ್ನ ತಲೆ ನನಗೇ ಸುಳ್ಳು ಹೇಳುತ್ತಿದ್ದದ್ದು.

ಸಭೆಯಲ್ಲಿ ಏಳು ಜನರಿದ್ದರು. ಸಾಹೇಬರು, "ಹೇಳಿ ಅಮ್ಮಾ, ಮೇಲಿತ್ತಲ್ವಾ?" ಎಂದರು.

"ಗೊತ್ತಿಲ್ಲ ಸರ್" ಎಂದೆ.

"ನೀವೇ ತಾನೇ ಎತ್ತಿದ್ದು?"

"ಎತ್ತಿದ್ದು ನಾನೇ. ಎಲ್ಲಿಂದ ಎತ್ತಿದೆ ಅನ್ನೋದು ಗೊತ್ತಿಲ್ಲ. ನಾನು ನೋಡ್ಲಿಲ್ಲ, ಅಳತೆ ಮಾತ್ರ ನೋಡ್ದೆ."

"ಹೆಚ್ಚು ಕಮ್ಮಿ ಯಾವ ಕಡೆ ಅನ್ಸುತ್ತೆ?"

"ನಂಗೆ ಅನ್ಸೋದನ್ನ ನಂಬಬೇಡಿ ಸರ್. ನಿಮ್ಮ ಮಾತು ಕೇಳಿದ ಮೇಲೆ ಅನ್ಸಿದ್ದು ಅದು."

ಅವರು ಫೈಲು ಮುಚ್ಚಿದ ಸದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಮೇಡಂ ಒಂದು ಹಾಳೆ ಕೊಟ್ಟು ನಡೆದದ್ದನ್ನು ಬರೆಯಿರಿ ಎಂದರು. ಪೆನ್ಸಿಲಿನಲ್ಲಿ ಬರೆದೆ: ಈ ಪೆಟ್ಟಿಗೆಯ ಕ್ರಮವನ್ನು ತಿಳಿಯದೆ ಕೆಡಿಸಿದವಳು ನಾನು; ಹುಳುವಿನ ತೂತು ಹಿಡಿದು ನೂರ ನಲವತ್ತೊಂದು ಹಾಳೆ ಮರಳಿ ಜೋಡಿಸಿದ್ದೇವೆ; ಒಂದರ ಜಾಗ ಗೊತ್ತಿಲ್ಲ. ಕೆಳಗೆ ಹೆಸರು, ಸಹಿ, ತೇದಿ. ಬರೆದದ್ದನ್ನು ಈ ಸಲ ಎರಡು ಬಾರಿ ಓದಿಯೇ ಸಹಿ ಹಾಕಿದೆ. ಆ ಹಾಳೆ ಪೆಟ್ಟಿಗೆಯಲ್ಲೇ ಇರುತ್ತದೆ, ನೂರು ವರ್ಷವಾದರೂ.

ಕೆಲಸ ನನಗೆ ಸಿಗಲಾರದು. ನೀನು ಬೇಜಾರು ಮಾಡಿಕೊಳ್ಳಬೇಡ. ನನಗೆ ಆಗಿದೆ, ಮುಚ್ಚಿಡುವುದಿಲ್ಲ. ಆದರೂ ಮನೆಗೆ ನಡೆದುಕೊಂಡು ಬರುವಾಗ ನನ್ನ ಬೆನ್ನು ನೆಟ್ಟಗಿತ್ತು.

ಅಮ್ಮ


ಅಕ್ಟೋಬರ್ 20

ಅಮ್ಮಾ,

ನಿನ್ನ ಕಾಗದ ಓದಿ, ಹೇಳಿಬಿಡು ಎಂದು ನಾನು ಬರೆದದ್ದು ನೆನಪಾಗಿ ಮುಖ ಬಿಸಿಯಾಯಿತು. ಯಾರಿಗೂ ನಷ್ಟವಿಲ್ಲ ಎಂದು ಎಷ್ಟು ಸಲೀಸಾಗಿ ಬರೆದಿದ್ದೆ ನೋಡು. ಈ ಕಾಗದವನ್ನೂ ಶೆಡ್ಡಿನಲ್ಲಿ ಓದಿದೆ. ಯಾರೂ ನಗಲಿಲ್ಲ. ನಮ್ಮ ಹಿರಿಯ ಕೊರೆಯುವವರು ಮಾತ್ರ, "ಇಂಟರ್ನಮ್ಮನ್ನ ಇಲ್ಲಿಗೆ ಕರೆಸ್ಕೊಳ್ಳಿ ಮೇಡಂ, ನಮ್ಮ ಅಳತೆಗಳನ್ನೂ ನೋಡ್ಲಿ" ಎಂದರು.

ನನಗೆ ನಿನ್ನ ಬಗ್ಗೆ ಹೆಮ್ಮೆ ಅಮ್ಮಾ. ಇದನ್ನು ಹೇಳದೆ ಎಷ್ಟೋ ವರ್ಷ ಕಳೆದಿದ್ದೇನೆ.

ನಿನ್ನ ಮಗಳು


ಡಿಸೆಂಬರ್ 12

ಪುಟ್ಟಿ,

ಕೆಲಸ ಪದವಿ ಓದಿದ ಒಬ್ಬ ಹುಡುಗಿಗೆ ಸಿಕ್ಕಿತು. ಚುರುಕಾಗಿದ್ದಾಳೆ, ಪುಸ್ತಕವನ್ನು ಪೂರ್ತಿ ಓದಿ ಸಹಿ ಹಾಕಿದಳು. ಮೇಡಂ ನನ್ನನ್ನು ಕರೆದು, "ಇನ್ನಾರು ತಿಂಗಳು ಇಂಟರ್ನ್ ಆಗೇ ಇರ್ತೀರಾ? ಎಂಟನೇ ಪೆಟ್ಟಿಗೆಯಲ್ಲೂ ಹುಳು ಬಿದ್ದಿದೆ, ಮನೆಯವರು ಕಾಗದ ಬೇರೆ ಚೆಲ್ಲಾಪಿಲ್ಲಿ ಮಾಡಿದಾರೆ. ನಿಮ್ಮಷ್ಟು ಬೇಗ ತೂತು ಓದೋರು ಇಲ್ಲಿ ಯಾರೂ ಇಲ್ಲ" ಎಂದರು. ಇರುತ್ತೇನೆ ಎಂದೆ. ಐವತ್ತೊಂಬತ್ತನೇ ವಯಸ್ಸಿನಲ್ಲೂ ಇಂಟರ್ನ್, ನಿನ್ನ ಶೆಡ್ಡಿನವರಿಗೆ ಹೇಳು.

ನಿನ್ನೆ ಪ್ರದರ್ಶನ ತೆರೆಯಿತು. ಹೆಸರು ಬದಲಾಗಿ "ಕೊನೆಯ ವರ್ಷಗಳು" ಎಂದಾಗಿದೆ. ಸಾಹೇಬರು ಇನ್ನೂ ನನ್ನ ಕಡೆ ತಿರುಗಿ ನೋಡುವುದಿಲ್ಲ, ಅದು ಅವರ ಕಷ್ಟ. ಕುರ್ಚಿಯ ಚಿತ್ರವನ್ನು ಒಂದು ಗೋಡೆಗೆ ಅದೊಂದನ್ನೇ ಹಾಕಿದ್ದಾರೆ. ಕೆಳಗಿನ ಚೀಟಿಯಲ್ಲಿ ತೇದಿ ಇರಬೇಕಾದ ಕಡೆ "ತಿಳಿದಿಲ್ಲ" ಎಂದಿದೆ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತೆ. ಇಷ್ಟು ದಿನ ಅದರ ಜಾಗ ಹುಡುಕಿದವಳು ಕುರ್ಚಿಯನ್ನೇ ಸರಿಯಾಗಿ ನೋಡಿರಲಿಲ್ಲ. ಕೋಟಿನ ಒಂದು ತೋಳು ಒಳಮುಖವಾಗಿ ಮಡಿಸಿಕೊಂಡಿದೆ, ಅವಸರದಲ್ಲಿ ಬಿಚ್ಚಿ ಎಸೆದವರ ಕೋಟಿನ ಹಾಗೆ.

ಪಕ್ಕದಲ್ಲಿ ಕನ್ನಡಕದವರೊಬ್ಬರು ನೋಟ್ ಪುಸ್ತಕ ಹಿಡಿದು ನಿಂತಿದ್ದರು. ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿ, "ನೀವು ಇಲ್ಲಿಯವರಲ್ವಾ? ಇದನ್ನ ಅವರು ಕಣ್ಣು ಹೋಗೋ ಮುಂಚೆ ಬರೆದಿದ್ದೋ, ಆಮೇಲೋ?" ಎಂದು ಕೇಳಿದರು.

"ಗೊತ್ತಿಲ್ಲ" ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ, ಆತ ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು.